ಪಾಳಿ

ಭೋಸರಿಯೊಳಗ ನಮ್ಮದು ಮೂರು ಪಾಳಿ.
ಪಾಳಿ ಅಂದ್ರ ನನಗ ಇಷ್ಟ ಗೊತ್ತಿತ್ತು:
ಭೋಂಗಾ ಊದತದ, ಒಬ್ಬ ಎದ್ದ ಮಷೀನಿಗೆ
ಇನ್ನೊಬ್ಬ ಬಂದು ಕೂಡತಾನ,
ಸ್ಟೂಲು ಇನ್ನೂ ಬೆಚ್ಚಗಿರ್ತದ.

ನಿಗಡಿಯೊಳಗ, ಡೇರಿ ಮ್ಯಾಲಿನ ಖೋಲಿಯೊಳಗ,
ಗೋಡಬೋಲೆ ಮೇಡಮ್ ಕೇಳಿದ್ರು,
"ಮನ್ಯಾಗ ಇವನ ಜೋಡಿ ನೀವು ಏನು ಆಡ್ತೀರಿ?"
ನಾನು ಅವರ ಗ್ವಾಡಿ ಮ್ಯಾಲಿನ ಆನಿ ಚಿತ್ರ ನೋಡಿದೆ.
ಮೀನಿನ ಮರಿಗೆ ಈಜು ಯಾರು ಕಲಸ್ತಾರ,
ಹುಡುಗರು ಆಟ ತಾವ ಕಲೀತಾವ ಅನಕೊಂಡಿದ್ದೆ.
ಫೀ ಕಟ್ಟಿ ಆಟ ಕಲಸಬೇಕಂತ
ನಮ್ಮೂರಾಗ ಹೇಳಿದ್ರ ಚಾದಂಗಡಿ ತುಂಬ ನಕ್ಕಾರು.

ನಿಜಗುಣ ಆಗ ಮೂಲ್ಯಾಗ ಕೂತು
ನಾನು ತಂದುಕೊಟ್ಟ ಹಳೇ ಬೇರಿಂಗು ತಿರುವತಿದ್ದ.
ಏಳು ವರ್ಷ. ಕಿವಿ ಹತ್ರ ಹಿಡದು,
ಒಳಗಿನ ಗುಂಡು ಓಡೋ ಸಪ್ಪಳ
ಪೂರಾ ಸಾಯೋತನಕ ಕೇಳಿ,
ಮತ್ತ ತಿರುವಿ.

"ಕಸ್ಕೋಬ್ಯಾಡ್ರಿ," ಅಂದ್ರು ಮೇಡಮ್.
"ಇನ್ನೊಂದು ತರ್ರಿ. ಬಾಜೂಕ ಕೂಡ್ರಿ.
ಅವ ಮಾಡಿದ್ದ ಮಾಡ್ರಿ. ಮಾತು ಬ್ಯಾಡ."

ಹಿಂಗಾಗಿ ರಾತ್ರಿಪಾಳಿ ಮುಗಿಸಿ ಬಂದು
ಥೇರಗಾಂವದ ಒಂದ ಖೋಲಿ ಮನ್ಯಾಗ
ಫರಸಿ ಮ್ಯಾಲೆ ಬೋರಲ ಮಲಗಿ
ನಲವತ್ತೆರಡು ವರ್ಷದ ನಾನು ಬೇರಿಂಗು ತಿರುವಿದೆ.
ಇವನವ್ವ ರೊಟ್ಟಿ ಬಡಕೋತ
"ಇಬ್ಬರಾದ್ರಿ ಈಗ" ಅಂದ್ಲು.
ಆ ದನಿಯೊಳಗ ನಗಿ ಎಷ್ಟು, ಅಳು ಎಷ್ಟು,
ನಾ ತೂಗಲಿಲ್ಲ.

ಹತ್ತೊಂಬತ್ತನೇ ದಿನ ಇವ ನೋಡಿದ.
ನನ್ನಲ್ಲ, ನನ್ನ ಬೇರಿಂಗು.
ಗ್ರೀಸು ಹೊಸಾದು, ನಂದು ಹೆಚ್ಚು ಹೊತ್ತು ತಿರಗತಿತ್ತು.
ಮುಂದ ಸರಿಸಿದೆ: "ನಿನ್ನ ಪಾಳಿ."
ತಿರುವಿದ. ನಿಂತ ಮ್ಯಾಲೆ ಕೈ ಚಾಚಿದೆ: "ನನ್ನ ಪಾಳಿ."
ಕೊಡಲಿಲ್ಲ. ಚೀರಿದ. ಗ್ವಾಡಿ ಕಡೆ ಮಾರಿ ಮಾಡಿದ.
ಮರುದಿನ ಮತ್ತ. ಅದರ ಮರುದಿನ ಮತ್ತ.
ಒಮ್ಮೆ ಕೊಟ್ಟ,
ಕಾದ ಹಂಚು ಮುಟ್ಟಿದಾಂಗ ಕೊಟ್ಟು ಕೈ ಎಳಕೊಂಡ.
ಮೇಡಮ್ ಕೊಟ್ಟ ಪುಸ್ತಕದಾಗ ತಾರೀಖು ಹಾಕಿ
ಮುಂದ ಏನು ಬರೀಬೇಕು ತಿಳೀದ
"ಕೊಟ್ಟ" ಅಂತ ಬರದೆ.

ಬಾಜೂ ಖೋಲಿಯ ಓವಿ ಯಾರೂ ಕರೀದ ಬಂದ್ಲು,
ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ.
ಆಕಿದು ಮರಾಠಿ, ಇವಂದು ಅರ್ಧ ಮೌನ.
ಪಾಳಿ ಅನ್ನೋದೊಂದು ಎರಡೂ ಕಡೆ ನಡೀತದ.
ಹಿಟ್ಟು ನಾದೋ ಪರಾತದಾಗ ಬೇರಿಂಗು ಬಿಡೋದು,
ಅದು ಗರಗರ ಸುತ್ತಿ ತಾನ ನಿಂದ್ರೋತನಕ
ಯಾರೂ ಮುಟ್ಟಂಗಿಲ್ಲ. ಕಾಯ್ದೆ ಇವಂದ.
ಬ್ಯಾರೆ ಹುಡುಗರು ಎರಡ ಸುತ್ತಿಗೆ ಬ್ಯಾಸತ್ತು ಹೋಗಿದ್ರು.
ಈಕಿ ಕೂತ್ಲು, ಯಾಕೋ ಏನೋ.

ನಿನ್ನೆ ಓವಿ ಮೋಸ ಮಾಡಿದ್ಲು.
ತನ್ನ ಪಾಳಿ ಮುಗದರೂ ಮತ್ತ ಬಿಟ್ಲು.
ನಿಜಗುಣ ಚೀರಿದ.

ಇವನ ಚೀರು ನನಗ ಎಲ್ಲಾ ಪರಿಚಯ:
ಮಿಕ್ಸರಿಗೆ ಒಂದು, ಗಣಪತಿ ಢೋಲಿಗೆ ಒಂದು,
ಅಂಗಿ ಕಾಲರಿನ ಚೀಟಿಗೆ ಒಂದು.
ಇದು ಹೊಸಾದು.
ಇದು ಆಕಿಗೆ. ಕಣ್ಣಿಗಲ್ಲ,
ಆಕಿ ಹಲ್ಲಿಲ್ಲದ ಸಂದಿ ನೋಡಿ,
"ನನ್ನ! ನನ್ನ!" ಅಂತ.

ಜಗಳಾ ಮಾಡಿದ, ಅಂದೆ ನಾನು ಇವನವ್ವಗ.
ಏ, ಬಾ ಇಲ್ಲೆ, ಮನುಷ್ಯಾರ ಕೂಡ ಜಗಳಾ ಮಾಡಿದ!
ಹಿಟ್ಟಿನ ಕೈಲೆ ಬಂದು ನಿಂತ್ಲು.
ಓವಿ ನಾಲಗಿ ಕಚಗೊಂಡು ಪರಾತ ಇತ್ತಾಗ ದೂಡಿದ್ಲು.
ಇವ ಬಿಟ್ಟ.

ಕೆಳಗ ಕಂಪನಿ ಬಸ್ಸು ಹಾರ್ನು ಹೊಡೀತು,
ಎರಡನೇ ಪಾಳಿ.
ಬೇರಿಂಗು ಇನ್ನೂ ಸುತ್ತತಿತ್ತು.
ನಾನೂ ನಿಂತೆ,
ಒಂದ ಬೂಟಿನ್ಯಾಗ ಕಾಲಿಟ್ಟು.